ಮೂರನೇ ನಂಬರ್ ಕಂಪ್ರೆಸರ್‌ನ ತಣ್ಣನೆಯ ಗಂಟೆಗಳು

ನಮ್ಮ ಕಂಪ್ರೆಸರ್ ರೂಮಿನಲ್ಲಿ ಗಾಳಿಯನ್ನು ಒತ್ತಿ ಕೊಡುವ ನಾಲ್ಕು ಸ್ಕ್ರೂ ಕಂಪ್ರೆಸರ್‌ಗಳಿವೆ. ನಾಲ್ಕೂ ಒಂದೇ ಅಳತೆಯವು, ಒಂದೇ ವರ್ಷ ಬಂದವು. ಅದರಲ್ಲಿ ಮೂರನೇ ನಂಬರಿನದು ಮೂರು ವರ್ಷದೊಳಗೆ ಎರಡು ಸಲ ಬೇರಿಂಗ್ ತಿಂದು ಹಾಕಿತು. ಮಿಕ್ಕ ಮೂರಕ್ಕೆ ಏನೂ ಆಗಲಿಲ್ಲ. ತಮಾಷೆ ಏನೆಂದರೆ, ಎಲ್ಲಕ್ಕಿಂತ ಕಡಿಮೆ ಓಡಿದ್ದು ಅದೇ. ಒಂದು, ಎರಡು ಮತ್ತು ನಾಲ್ಕನೇ ಮೆಷಿನ್‌ಗಳು ಸರದಿಯ ಮೇಲೆ ಹಗಲು ರಾತ್ರಿ ದುಡಿಯುತ್ತವೆ. ಮೂರನೆಯದು ಗಾಳಿ ಸಾಲದೆ ಬಂದಾಗ ಮಾತ್ರ ಎದ್ದು, ಸ್ವಲ್ಪ ಹೊತ್ತು ಓಡಿ, ಮತ್ತೆ ಮಲಗುತ್ತದೆ. ದುಡಿಯುವವರೆಲ್ಲ ಗಟ್ಟಿಯಾಗಿದ್ದಾರೆ, ಕೂತು ತಿನ್ನುವವನಿಗೆ ಕಾಯಿಲೆ!

ಸ್ಕ್ರೂ ಕಂಪ್ರೆಸರ್ ನೋಡದವರಿಗೆ ಒಂದು ಮಾತು. ಅದರ ಹೃದಯದಲ್ಲಿ ಎರಡು ರೋಟರ್‌ಗಳಿರುತ್ತವೆ. ತಿರುಚಿದ ಹಲ್ಲಿನ ಎರಡು ಕಂಬಗಳು ಒಂದಕ್ಕೊಂದು ಹೆಣೆದುಕೊಂಡು ತಿರುಗುತ್ತವೆ ಎಂದುಕೊಳ್ಳಿ. ಗಾಳಿ ಅವುಗಳ ಸಂದಿಯಲ್ಲಿ ಸಿಕ್ಕಿ ಒತ್ತಿಕೊಳ್ಳುತ್ತಾ ಹೋಗುತ್ತದೆ. ಜತೆಗೆ ಎಣ್ಣೆಯೂ ಒಳಗೆ ಬೀಳುತ್ತಿರುತ್ತದೆ. ಶಾಖ ಹೀರುವುದು, ಸಂದು ಮುಚ್ಚುವುದು, ಬೇರಿಂಗ್‌ಗೆ ಜಾರಿಕೆ ಕೊಡುವುದು, ಮೂರೂ ಅದೇ ಎಣ್ಣೆಯ ಕೆಲಸ. ರೋಟರ್‌ಗಳ ನಡುವಿನ ಜಾಗ ಕೂದಲೆಳೆಯಷ್ಟು. ಬೇರಿಂಗ್ ಸ್ವಲ್ಪ ಸಡಿಲಾದರೂ ರೋಟರ್‌ಗೆ ರೋಟರ್ ಉಜ್ಜುತ್ತದೆ. ಆಮೇಲೆ ರಿಪೇರಿಯ ಮಾತಿಲ್ಲ, ರೋಟರ್ ಬೇರಿಂಗ್ ಎಲ್ಲ ಸೇರಿದ ಇಡೀ ಭಾಗವನ್ನೇ, ಅಂದರೆ ಏರ್‌ಎಂಡನ್ನೇ ಬದಲಿಸಬೇಕು.

ಎರಡನೇ ಸಲ ಕೆಟ್ಟಾಗ ಸರ್ವಿಸ್‌ನವರು ಬಂದು ಬಿಚ್ಚಿ ನೋಡಿ ವರದಿ ಕೊಟ್ಟರು. ಕಾರಣದ ಕಾಲಂನಲ್ಲಿ 'ಬೇರಿಂಗ್ ಸವೆತ' ಎಂದಿತ್ತು. ಉಸಿರು ನಿಂತಿದ್ದರಿಂದ ಮನುಷ್ಯ ಸತ್ತ ಎಂದು ಬರೆದ ಹಾಗೆ. ನನಗೆ ಸಿಟ್ಟು ಬಂತು. ನಮ್ಮ ಮ್ಯಾನೇಜರ್ ಮಾತ್ರ ಸಮಾಧಾನವಾಗಿ, "ಮೂರು ವರ್ಷದ ಡೇಟಾ ಇದೆಯಲ್ಲ, ನೋಡಿ, ಏನಾದ್ರೂ ಗೊತ್ತಾಗುತ್ತಾ" ಅಂದರು. ನನಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬರುತ್ತಿತ್ತು. ಸ್ವಲ್ಪ ಬರುವವನಿಗೆ ಧೈರ್ಯ ಜಾಸ್ತಿ. ಹದಿನೈದು ದಿನ ಸಾಕು ಅಂದೆ. ಹಿಡಿದದ್ದು ಐದು ತಿಂಗಳು.

ಅದರಲ್ಲಿ ಎರಡು ತಿಂಗಳು ಡೇಟಾ ತೊಳೆಯುವುದಕ್ಕೇ ಹೋಯಿತು. ಪ್ರತಿ ಮೆಷಿನ್‌ನ ಕಂಟ್ರೋಲರ್‌ಗೂ ತನ್ನದೇ ಗಡಿಯಾರ. ಒಂದು 40 ನಿಮಿಷ ಹಿಂದಿತ್ತು. ಕಂಟ್ರೋಲ್ ರೂಮಿನ ದಾಖಲೆ ಪ್ರಕಾರ ಒತ್ತಡ ಮೊದಲು ಬಿದ್ದು ಮೆಷಿನ್ ಆಮೇಲೆ ಟ್ರಿಪ್ ಆಗಿದೆ (ರಕ್ಷಣೆಗಾಗಿ ತಾನೇ ನಿಂತಿದೆ), ಕಂಟ್ರೋಲರ್ ಪ್ರಕಾರ ಟ್ರಿಪ್ ಮೊದಲು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದೇ ಅದಲು ಬದಲು. ಕೊನೆಗೆ ಕರೆಂಟ್ ಹೋದ ಘಳಿಗೆಗಳನ್ನು ಗುರುತು ಮಾಡಿಕೊಂಡೆ. ಕರೆಂಟ್ ಹೋದರೆ ಎಲ್ಲ ಮೆಷಿನ್ನೂ ಒಟ್ಟಿಗೆ ನಿಲ್ಲುತ್ತವೆ ಅಲ್ವಾ. ಆ ಘಳಿಗೆಯನ್ನೇ ಮೊಳೆ ಹೊಡೆದ ಹಾಗೆ ಹಿಡಿದು ನಾಲ್ಕು ಗಡಿಯಾರಗಳನ್ನೂ ಸಾಲಿಗೆ ತಂದೆ.

ಇನ್ನೊಂದು ತೊಂದರೆ ಇದಕ್ಕಿಂತ ಕಳ್ಳ ಸ್ವಭಾವದ್ದು. ಕಂಟ್ರೋಲ್ ರೂಮಿನ ಕಂಪ್ಯೂಟರ್ ಜಾಗ ಉಳಿಸಲು 10 ನಿಮಿಷದ ಸರಾಸರಿ ಮಾತ್ರ ಇಡುತ್ತಿತ್ತು. ಮೂರನೇ ಮೆಷಿನ್ ಒಂದು ಸಲಕ್ಕೆ ಓಡುತ್ತಿದ್ದದ್ದು ಎಷ್ಟೋ ಬಾರಿ ಆರೇಳು ನಿಮಿಷ. ಸರಾಸರಿಯಲ್ಲಿ ಓಡಿದ್ದೂ ನಿಂತಿದ್ದೂ ಕಲಸಿ ಮೇಲೋಗರವಾಗಿತ್ತು. ಅದೃಷ್ಟಕ್ಕೆ ಕಂಟ್ರೋಲರ್‌ನ ಒಳಗೆ ಸ್ಟಾರ್ಟ್, ಸ್ಟಾಪ್, ಲೋಡ್ (ಗಾಳಿ ಕೊಡುತ್ತಾ ಓಡುವುದು), ಅನ್‌ಲೋಡ್ (ಕೊಡದೆ ಸುಮ್ಮನೆ ತಿರುಗುವುದು) ಎಲ್ಲದರ ಸಮಯವೂ ಬೇರೆಯಾಗಿ ಉಳಿದಿತ್ತು. ಜತೆಗೆ ನಿಮಿಷಕ್ಕೊಂದರಂತೆ ಉಷ್ಣತೆಯೂ ಇತ್ತು. ಅದನ್ನು ಹೊರಗೆ ತೆಗೆಯಲು ಒಂದು ಹಳೇ ಕೇಬಲ್ ಬೇಕಿತ್ತು. ಸ್ಟೋರ್‌ನಲ್ಲಿ ಆ ಕೇಬಲ್ ಹುಡುಕಿದ ಕತೆಯನ್ನೇ ಬೇರೆ ಬರೆಯಬಹುದು.

ಲಾಗ್‌ಬುಕ್‌ಗಳನ್ನು ನಾನೇ ಕೂತು ಟೈಪ್ ಮಾಡಿದೆ. 'ಟ್ರಿಪ್ ಆಯ್ತು, ರೀಸೆಟ್ ಮಾಡಿದೆ' ಎಂಬ ಸಾಲು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಒಂದೇ ಫಿಲ್ಟರ್‌ಗೆ ಐದು ಹೆಸರು, ಐದು ಕೈಬರಹ. ಟೈಪ್ ಮಾಡುವಾಗ ನಾನೊಂದು ತಪ್ಪು ಮಾಡಿದೆ. ಮೆಷಿನ್ ನಿಂತ ಸಾಲುಗಳನ್ನು ಮಾತ್ರ ತೆಗೆದುಕೊಂಡೆ. ಮೆಷಿನ್ ಓಡುತ್ತಲೇ ಇದ್ದಾಗ ಬರೆದ ಮಾತುಗಳನ್ನು ಕೆಲಸಕ್ಕೆ ಬಾರದ ಹರಟೆ ಎಂದು ಬಿಟ್ಟೆ. ಅದರ ಬೆಲೆ ಆಮೇಲೆ ತಿಳಿಯಿತು.

ಡೇಟಾ ಕೈಗೆ ಬಂದ ಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹಳೇ ಡೇಟಾ ನೋಡಿ ತಾನೇ ಕಲಿಯುವ ಮಷೀನ್ ಲರ್ನಿಂಗ್ ಮಾಡೆಲ್ ಒಂದಕ್ಕೆ ಎಲ್ಲವನ್ನೂ ಸುರಿದೆ. ನಾಳೆ ಕೆಡುತ್ತದೆಯೋ ಇಲ್ಲವೋ ಹೇಳು ಎಂದೆ. ಫಲಿತಾಂಶ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. 99.8 ಶೇಕಡಾ ಸರಿ! ಅರ್ಧ ದಿನ ಖುಷಿಯಲ್ಲಿದ್ದೆ. ಆಮೇಲೆ ಸುಮ್ನೆ ಒಂದು ಲೆಕ್ಕ ಹಾಕಿದೆ. ಮೂರನೇ ಮೆಷಿನ್‌ಗೆ ನನ್ನ ಹತ್ತಿರ ಸುಮಾರು 1,050 ದಿನದ ದಾಖಲೆ ಇತ್ತು. ಕೆಟ್ಟದ್ದು ಎರಡು ದಿನ. ಕಣ್ಣು ಮುಚ್ಚಿಕೊಂಡು ಪ್ರತಿದಿನವೂ 'ಕೆಡುವುದಿಲ್ಲ' ಅಂದರೂ 99.8 ಶೇಕಡಾ ಸರಿ. ನನ್ನ ಮಾಡೆಲ್ ಅದನ್ನೇ ಮಾಡುತ್ತಿತ್ತು.

ಕೆಡುವ ಮುಂಚಿನ ವಾರವನ್ನೆಲ್ಲ 'ಅಪಾಯದ ದಿನ' ಎಂದು ಗುರುತಿಸಿ ಮತ್ತೆ ಹಚ್ಚಿದೆ. ಈ ಸಲ ಎರಡೂ ಸಂದರ್ಭಗಳನ್ನು ಮೂರ್ನಾಲ್ಕು ದಿನ ಮೊದಲೇ ಹಿಡಿಯಿತು. ಯಾವುದನ್ನು ನೋಡಿ ಹಿಡಿಯುತ್ತಿದೆ ಎಂದು ಕೆದಕಿದೆ. ಉಷ್ಣತೆಯಲ್ಲ, ಒತ್ತಡವಲ್ಲ, ಮೋಟಾರಿನ ಆಂಪಿಯರ್ ಕೂಡ ಅಲ್ಲ. 'ಆಟೋ' ಬದಲು 'ಮ್ಯಾನುಯಲ್' ಎಂದು ತೋರಿಸುವ ಒಂದು ಸ್ವಿಚ್ಚು. ಕೇಳಿದಾಗ ನಮ್ಮ ಹಿರಿಯ ಫಿಟ್ಟರ್ ನಕ್ಕುಬಿಟ್ಟರು. "ಸಾರ್, ಸದ್ದು ಬದಲಾಗಿತ್ತು. ಅದು ತಾನಾಗೇ ಸ್ಟಾರ್ಟ್ ಆಗೋದು ಬೇಡ ಅಂತ ನಾನೇ ಮ್ಯಾನುಯಲ್‌ಗೆ ಹಾಕಿದ್ದೆ." ಅಂದರೆ ನನ್ನ ಮಾಡೆಲ್ ಕಲಿತದ್ದು ಅವರ ಕಿವಿಯನ್ನು! ಅವರ ಕಿವಿ ಅವರ ಹತ್ತಿರವೇ ಇರುವಾಗ ಅದಕ್ಕೊಂದು ಮಾಡೆಲ್ ಯಾಕೆ?

ಮಾಡೆಲ್ ಬಿಟ್ಟು ವೈಬುಲ್ ಹಿಡಿದೆ. ಸ್ವೀಡನ್ನಿನ ವಲೋಡಿ ವೈಬುಲ್ 1951ರ ತನ್ನ ಪ್ರಬಂಧದಿಂದ ಜನಪ್ರಿಯಗೊಳಿಸಿದ ಲೆಕ್ಕ ಅದು. ಬಿಡಿಭಾಗಗಳು ಎಷ್ಟು ಗಂಟೆಗೆ ಕೆಟ್ಟವು ಎಂದು ಕೊಟ್ಟರೆ, ಅದರ ಆಕಾರದಿಂದ ಕಾಯಿಲೆಯ ಜಾತಿ ಹೇಳಬಹುದು. ಆಕಾರದ ಸಂಖ್ಯೆ 1ಕ್ಕಿಂತ ಕಡಿಮೆ ಇದ್ದರೆ ಹುಟ್ಟುವಾಗಲೇ ಬಂದ ದೋಷ. 1ರ ಹತ್ತಿರವಿದ್ದರೆ ಯಾವಾಗ ಬೇಕಾದರೂ ಆಗುವಂಥದ್ದು. ಜಾಸ್ತಿ ಇದ್ದರೆ ಮುಪ್ಪು, ಅಂದರೆ ಸವೆತ. ಚೆಂದದ ಸಾಧನ. ಆದರೆ ನನ್ನ ಹತ್ತಿರ ಇದ್ದದ್ದು ಎರಡೇ ಸಾವು. ಎರಡು ಚುಕ್ಕಿಯ ನಡುವೆ ಗೆರೆ ಎಳೆಯಲು ಯಾವ ಗಣಿತವೂ ಬೇಡ, ನಂಬಲು ಮಾತ್ರ ತುಂಬಾ ಧೈರ್ಯ ಬೇಕು. ಕೆಡದೆ ಓಡುತ್ತಿರುವ ಮೂರು ಮೆಷಿನ್‌ಗಳ ಗಂಟೆಗಳನ್ನೂ ಲೆಕ್ಕಕ್ಕೆ ಸೇರಿಸಬೇಕು. ಸೇರಿಸಿದೆ. ಆಗ ಇನ್ನೂ ವಿಚಿತ್ರವಾಯಿತು. ಗಂಟೆ ಜಾಸ್ತಿ ಓಡಿದವೇ ಬದುಕಿದ್ದವು.

ಆ ಹೊತ್ತಿಗೆ ನೆನಪಾದದ್ದು ವಿಮಾನದವರ ಒಂದು ಹಳೇ ವರದಿ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ಬರೆದದ್ದು. ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಸ್ವಭಾವ ಕಂಡದ್ದು ಬರೀ 11 ಶೇಕಡಾ ಭಾಗಗಳಲ್ಲಿ. ಉಳಿದ 89 ಶೇಕಡಾ ಭಾಗಗಳಿಗೆ 'ಇಷ್ಟು ಗಂಟೆಗೆ ಬದಲಿಸಿ' ಎಂಬ ನಿಯಮದಿಂದ ಲಾಭವಿರಲಿಲ್ಲ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ. ಹಾಗಿದ್ದೂ ನಾನು ಮೂರು ತಿಂಗಳಿಂದ ಗಂಟೆ ಮೀಟರನ್ನೇ ವಯಸ್ಸು ಎಂದುಕೊಂಡು ಕೂತಿದ್ದೆ.

ಅಲ್ಲಿಂದ ಪ್ರಶ್ನೆ ಬದಲಿಸಿದೆ. ಯಾವಾಗ ಕೆಡುತ್ತದೆ ಎಂದು ಕೇಳುವುದನ್ನು ಬಿಟ್ಟೆ. ಮೂರನೆಯದು ಹೇಗೆ ಬದುಕುತ್ತಿದೆ, ಮಿಕ್ಕವು ಹೇಗೆ ಬದುಕುತ್ತಿವೆ ಎಂದು ನೋಡತೊಡಗಿದೆ. ಇದಕ್ಕೆ ದೊಡ್ಡ ವಿದ್ಯೆ ಬೇಡ. ಓಡುತ್ತಿದ್ದ ನಿಮಿಷಗಳನ್ನು ಮಾತ್ರ ತೆಗೆದು, ಏರ್‌ಎಂಡ್‌ನಿಂದ ಹೊರಬರುವ ಗಾಳಿ-ಎಣ್ಣೆಯ ಉಷ್ಣತೆ ಎಷ್ಟೆಷ್ಟು ಹೊತ್ತು ಎಷ್ಟೆಷ್ಟಿತ್ತು ಎಂದು ನಾಲ್ಕು ಚಿತ್ರ ಬರೆದೆ. ಒಂದು, ಎರಡು, ನಾಲ್ಕರದ್ದು ಒಂದೇ ಗುಡ್ಡ, 85 ಡಿಗ್ರಿಯ ಸುತ್ತ. ಮೂರನೆಯದರ ಗುಡ್ಡ ಎಲ್ಲೋ ಎಡಕ್ಕೆ ಹೋಗಿ 58ರಲ್ಲಿ ಕೂತಿತ್ತು.

ನಾನು ಅದನ್ನು ನೋಡಿ ಮೊದಲು ಖುಷಿಪಟ್ಟೆ ಎಂದರೆ ನಂಬುತ್ತೀರಾ? ಸ್ಕ್ರೂ ಕಂಪ್ರೆಸರ್ ಇಟ್ಟುಕೊಂಡವರ ಭಯವೆಲ್ಲ ಬಿಸಿಯದ್ದೇ. 110 ಡಿಗ್ರಿ ಹತ್ತಿರ ಬಂದರೆ ಮೆಷಿನ್ ಟ್ರಿಪ್ ಆಗುತ್ತದೆ. ಪ್ರತಿ 10 ಡಿಗ್ರಿ ಏರಿದರೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬ ಅಂದಾಜು ಎಲ್ಲರ ಬಾಯಲ್ಲೂ ಇದೆ. ತಣ್ಣಗಿರುವ ಮೆಷಿನ್ ಅಂದರೆ ಸುಖವಾಗಿರುವ ಮೆಷಿನ್. ಪ್ರಿಂಟ್ ತೆಗೆದು ಹಿರಿಯ ಫಿಟ್ಟರ್‌ಗೆ ತೋರಿಸಿದೆ. ಅವರು ನೋಡಿದರು. ಖುಷಿಪಡಲಿಲ್ಲ.

"ಇದು ತಣ್ಣಗಿರುತ್ತೆ ಅಂತ ನಮಗೆ ಗೊತ್ತು ಸಾರ್. ಅದಕ್ಕೇ ಎಣ್ಣೆ ಬೆಳ್ಳಗಾಗುತ್ತೆ."

"ಬೆಳ್ಳಗೆ ಅಂದ್ರೆ?"

"ಹಾಲು ಕಲಸಿದ ಹಾಗೆ. ಒಂದೆರಡು ದಿನ ನಿಂತಿದ್ದಾಗ ಟ್ಯಾಂಕಿನ ಕೆಳಗಿನ ಡ್ರೈನ್ ಬಿಟ್ಟರೆ ಮೊದಲು ನೀರೇ ಬರುತ್ತೆ. ಎಣ್ಣೆ ಆಮೇಲೆ. ಬರೆದಿದ್ದೀನಲ್ಲ ಬುಕ್ಕಲ್ಲಿ."

ಬುಕ್ ತೆಗೆದೆ. ಬರೆದಿದ್ದರು. ಒಂದಲ್ಲ, ಒಂಬತ್ತು ಸಲ. ಎಲ್ಲವೂ ಮೂರನೇ ಮೆಷಿನ್‌ನ ಹೆಸರಲ್ಲಿ. ಎಲ್ಲವೂ ನಾನು ಹರಟೆ ಎಂದು ಬಿಟ್ಟ ಸಾಲುಗಳು.

ನೀರು ಎಲ್ಲಿಂದ ಬಂತು ಎಂಬುದಕ್ಕೆ ಹೊರಗೆ ಹುಡುಕಬೇಕಿಲ್ಲ. ಕಂಪ್ರೆಸರ್ ಗಾಳಿ ಎಳೆಯುವಾಗ ಅದರೊಳಗಿನ ತೇವವನ್ನೂ ಎಳೆಯುತ್ತದೆ. ಹೊರಗೆ 30 ಡಿಗ್ರಿ ಬಿಸಿ, 80 ಶೇಕಡಾ ತೇವ ಎಂದುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ನಿಮಿಷಕ್ಕೆ 10 ಘನ ಮೀಟರ್ ಎಳೆಯುವ ಮೆಷಿನ್ ಒಂದು ಗಂಟೆಯಲ್ಲಿ 14 ಲೀಟರಿಗೂ ಜಾಸ್ತಿ ನೀರು ಕುಡಿಯುತ್ತದೆ, ಆವಿಯ ರೂಪದಲ್ಲಿ. ಮೊದಲ ಸಲ ಲೆಕ್ಕ ಹಾಕಿದಾಗ ಸೊನ್ನೆ ಹೆಚ್ಚು ಬಿತ್ತೇನೋ ಎಂದು ಮತ್ತೆ ಮಾಡಿದೆ. ಅದೇ ಬಂತು.

ಆವಿ ಆವಿಯಾಗಿಯೇ ಹೊರಗೆ ಹೋದರೆ ತೊಂದರೆ ಇಲ್ಲ. ಮುಂದಿನ ಕೂಲರ್ ಮತ್ತು ಡ್ರೈಯರ್ ಅದನ್ನು ನೋಡಿಕೊಳ್ಳುತ್ತವೆ. ಆದರೆ ಗಾಳಿಯನ್ನು ಒತ್ತಿದಾಗ ಆವಿಯೂ ಒತ್ತಿಕೊಳ್ಳುತ್ತದೆ. ಮೀಟರ್ 7 ಬಾರ್ ತೋರಿಸಿದರೆ (ಗೇಜ್ ಒತ್ತಡ), ಹೊರಗಿನ ಗಾಳಿಯ 1 ಬಾರ್ ಸೇರಿ ನಿಜವಾದ ಒತ್ತಡ 8 ಬಾರ್, ಅಂದರೆ ಹೊರಗಿನದರ ಸುಮಾರು ಎಂಟು ಪಟ್ಟು. ಆವಿಯ ಪಾಲಿನ ಒತ್ತಡವೂ ಎಂಟು ಪಟ್ಟು, 34 ಮಿಲಿಬಾರ್ ಇದ್ದದ್ದು 270ರ ಹತ್ತಿರ. ಅಷ್ಟು ಆವಿ 67 ಡಿಗ್ರಿಗಿಂತ ಕೆಳಗೆ ಆವಿಯಾಗಿ ಉಳಿಯಲಾರದು. ಹುಲ್ಲಿನ ಮೇಲೆ ಇಬ್ಬನಿ ಕೂತ ಹಾಗೆ ನೀರಾಗಿ ಕೂರುತ್ತದೆ. ಇದನ್ನೇ ಡ್ಯೂ ಪಾಯಿಂಟ್ ಅನ್ನುವುದು. ನಮ್ಮ ಮೂರನೇ ಮೆಷಿನ್ ಇದ್ದದ್ದು 58ರಲ್ಲಿ. ಅದೇ ಹವೆಯಲ್ಲಿ, ಅದೇ ಅಳತೆಯ ಮೆಷಿನ್ 58ರಲ್ಲಿ ಒಂದು ಗಂಟೆ ಓಡಿದರೆ ಕಾಗದದ ಲೆಕ್ಕದಲ್ಲಿ ಮೂರನೇ ಒಂದು ಪಾಲು, ಸುಮಾರು 5 ಲೀಟರ್, ಎಣ್ಣೆ ಟ್ಯಾಂಕಿನೊಳಗೇ ನೀರಾಗುತ್ತದೆ.

ಈಗ ಒಣ ಹವೆಯ ದಿನಕ್ಕೆ ಅದೇ ಲೆಕ್ಕ ಹಾಕಿ. ಹೊರಗೆ 20 ಡಿಗ್ರಿ, ತೇವ 50 ಶೇಕಡಾ. ಡ್ಯೂ ಪಾಯಿಂಟ್ 45 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಆಗ 58 ಡಿಗ್ರಿಯಲ್ಲಿ ಓಡಿದರೂ ಒಂದು ಹನಿ ನೀರಾಗುವುದಿಲ್ಲ. ಅಂದರೆ ತಂಪಾಗಿ ಓಡುವುದೇ ತಪ್ಪಲ್ಲ, ಆ ದಿನದ ಡ್ಯೂ ಪಾಯಿಂಟ್‌ಗಿಂತ ತಂಪಾಗಿ ಓಡುವುದು ತಪ್ಪು. ಬರೀ ಮೆಷಿನ್ನಿನ ಕಾಲಂಗಳನ್ನು ನೋಡುತ್ತಿದ್ದ ನನ್ನ ಮಾಡೆಲ್‌ಗೆ ಇದು ಹೇಗೆ ತಾನೇ ತಿಳಿದೀತು? ಹೊರಗಿನ ತೇವವನ್ನು ನಾನು ಅದಕ್ಕೆ ಕೊಟ್ಟೇ ಇರಲಿಲ್ಲ.

ಹಾಗಾಗಿ ಹೊಸದೊಂದು ಅಳತೆ ಮಾಡಿಕೊಂಡೆ. ಪ್ರತಿ ನಿಮಿಷಕ್ಕೂ ಹೊರಗಿನ ಉಷ್ಣತೆ, ತೇವ, ಒತ್ತಡದಿಂದ ಡ್ಯೂ ಪಾಯಿಂಟ್ ಲೆಕ್ಕ ಹಾಕುವುದು. ಮೆಷಿನ್ ಓಡುತ್ತಿದ್ದು, ಅದಕ್ಕಿಂತ ತಣ್ಣಗಿದ್ದರೆ ಆ ನಿಮಿಷವನ್ನು ಬೇರೆ ಡಬ್ಬಿಗೆ ಹಾಕುವುದು. ಡಬ್ಬಿಗೆ 'ತಣ್ಣನೆಯ ಗಂಟೆ' ಎಂದು ಹೆಸರಿಟ್ಟೆವು. ಮಿಕ್ಕ ಮೂರು ಮೆಷಿನ್‌ಗಳ ಡಬ್ಬಿ ಹೆಚ್ಚುಕಡಿಮೆ ಖಾಲಿ. ಸ್ಟಾರ್ಟ್ ಆದ ಮೊದಲ ಕೆಲವು ನಿಮಿಷ ಮಾತ್ರ ಸಿಕ್ಕವು. ಮೂರನೆಯದು ತೇವದ ತಿಂಗಳುಗಳಲ್ಲಿ ಓಡಿದ್ದರಲ್ಲಿ ಮುಕ್ಕಾಲು ಪಾಲು ತಣ್ಣನೆಯ ಗಂಟೆಯೇ. ಒಂಬತ್ತು 'ಎಣ್ಣೆ ಬೆಳ್ಳಗಿದೆ' ಸಾಲುಗಳ ತಾರೀಖನ್ನು ಅದರ ಮೇಲೆ ಇಟ್ಟೆ. ಎಂಟು ಆ ತಿಂಗಳುಗಳಲ್ಲೇ ಬಿದ್ದವು. ಒಂಬತ್ತನೆಯದರ ತಾರೀಖು ಓದಲಾಗಲಿಲ್ಲ, ಎಣ್ಣೆ ಬಿದ್ದಿತ್ತು!

ಯಾಕೆ ತಣ್ಣಗಿತ್ತು? ಒಂದು ಕಾರಣ ಆಗಲೇ ಹೇಳಿದೆ, ತುಂಡು ತುಂಡಾಗಿ ಓಡುತ್ತಿತ್ತು. ಬೆಚ್ಚಗಾಗುವ ಹೊತ್ತಿಗೆ ನಿಲ್ಲಿಸುತ್ತಿದ್ದೆವು. ಆದರೆ ಅಷ್ಟೇ ಆಗಿದ್ದರೆ ಅಪರೂಪಕ್ಕೆ ಎರಡು ಗಂಟೆ ಸತತ ಓಡಿದ ದಿನಗಳಲ್ಲಾದರೂ 80 ಮುಟ್ಟಬೇಕಿತ್ತು. ಮುಟ್ಟಿರಲಿಲ್ಲ. ಹಾಗೆ ಉದ್ದ ಓಡಿದ ದಿನಗಳನ್ನಷ್ಟೇ ಆರಿಸಿ, ಹೊರಗಿನ ಬಿಸಿ ಮತ್ತು ಲೋಡ್‌ನ ಪ್ರಭಾವ ಕಳೆದು, ಉಳಿದ ಉಷ್ಣತೆಯನ್ನು ತಾರೀಖಿನ ಉದ್ದಕ್ಕೂ ಬರೆದೆ. ಗೆರೆ ಮೊದಲ ಏಳು ತಿಂಗಳು ಸಮತಟ್ಟು. ಆಮೇಲೆ ಒಂದೇ ದಿನದಲ್ಲಿ 20 ಡಿಗ್ರಿ ಮೆಟ್ಟಿಲಿಳಿದ ಹಾಗೆ ಇಳಿದು, ಮತ್ತೆ ಮೇಲೇರಲೇ ಇಲ್ಲ. ಸವೆತ ಹೀಗೆ ಬರುವುದಿಲ್ಲ, ಅದು ನಿಧಾನಕ್ಕೆ ಇಳಿಜಾರಾಗುತ್ತದೆ. ಮೆಟ್ಟಿಲು ಕಂಡರೆ ಯಾರದೋ ಕೈ ಇದೆ ಎಂದೇ ಅರ್ಥ.

ಆ ದಿನದ ಕೆಲಸದ ಪರ್ಮಿಟ್ ಹುಡುಕಿಸಿದೆ. ಕಡು ಬೇಸಿಗೆ. ಮೂರನೇ ಮೆಷಿನ್ ಬಿಸಿಯಾಗಿ ಎರಡು ದಿನದಲ್ಲಿ ನಾಲ್ಕು ಸಲ ಟ್ರಿಪ್ ಆಗಿತ್ತು. ಪರ್ಮಿಟ್‌ನಲ್ಲಿ ಹೀಗಿತ್ತು: 'ಥರ್ಮೋಸ್ಟ್ಯಾಟ್ ಎಲಿಮೆಂಟ್ ತೆಗೆದು ಬೈಪಾಸ್ ಮುಚ್ಚಿದೆ. ತಾತ್ಕಾಲಿಕ.' ಎಣ್ಣೆ ತಣ್ಣಗಿದ್ದಾಗ ಅದು ಕೂಲರ್‌ಗೆ ಹೋಗದ ಹಾಗೆ ತಡೆದು ಬೇರೆ ದಾರಿಯಲ್ಲಿ ಕಳಿಸುವುದು ಈ ಥರ್ಮೋಸ್ಟ್ಯಾಟ್ ವಾಲ್ವ್. ಬಹಳ ಮೆಷಿನ್‌ಗಳಲ್ಲಿ ಅದು ಬಾಯಿ ಬಿಡುವುದು 70 ಡಿಗ್ರಿ ದಾಟಿದ ಮೇಲೆ. ಆ ಸಂಖ್ಯೆ ಯಾರೋ ತೋಚಿದ್ದಕ್ಕೆ ಇಟ್ಟದ್ದಲ್ಲ, ಮೇಲಿನ 67ರ ಲೆಕ್ಕ ನೋಡಿ. ಅದನ್ನು ಕಿತ್ತರೆ ಎಣ್ಣೆ ಸದಾ ಕೂಲರ್ ಸುತ್ತಿ ತಣ್ಣಗಾಗಿಯೇ ಬರುತ್ತದೆ. ಟ್ರಿಪ್ ನಿಲ್ಲುತ್ತದೆ. ನಿಂತಿತ್ತು ಕೂಡ. ಹತ್ತು ದಿನದ ನಂತರ ಕೂಲರ್ ಬಿಚ್ಚಿದಾಗ ಅದರ ರೆಕ್ಕೆಗಳ ತುಂಬ ಧೂಳು ಮೆತ್ತಿತ್ತು. ತೊಳೆದರು. ಟ್ರಿಪ್‌ಗೆ ನಿಜವಾದ ಕಾರಣ ಆ ಧೂಳು. ಎಲಿಮೆಂಟನ್ನು ವಾಪಸ್ ಹಾಕಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಪರ್ಮಿಟ್‌ನ ಕೆಳಗೆ ಒಪ್ಪಿಗೆ ಕೊಟ್ಟವರ ಸಹಿ ಇತ್ತು. ನನ್ನದೇ.

ಸುಳ್ಳು ಹೇಳುವುದಿಲ್ಲ, ಆ ಕಾಗದವನ್ನು ಒಂದು ರಾತ್ರಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಮ್ಯಾನೇಜರ್ ಮುಂದೆ ಇಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, "ಎಲಿಮೆಂಟ್ ಎಲ್ಲಿದೆ ಈಗ?" ಎಂದು ಕೇಳಿದರು. ಅಷ್ಟೇ. ಅದು ಫಿಟ್ಟರ್‌ಗಳ ಕಪಾಟಿನಲ್ಲಿ, ಬಟ್ಟೆಯಲ್ಲಿ ಸುತ್ತಿ, ಮೂರನೇ ನಂಬರ್ ಎಂದು ಚೀಟಿ ಅಂಟಿಸಿಕೊಂಡು ಕೂತಿತ್ತು.

ಇಷ್ಟಾದರೂ ಇದು ಇನ್ನೂ ಕತೆಯೇ, ಸಾಕ್ಷಿಯಲ್ಲ. ಗೆರೆಗಳು ಹೊಂದಿಕೆಯಾದ ಮಾತ್ರಕ್ಕೆ ನೀರೇ ಬೇರಿಂಗ್ ಕೊಂದಿದೆ ಎನ್ನಲಾಗದು. ಸ್ಟೋರ್‌ನಲ್ಲಿ ಎರಡನೇ ಸಲ ತೆಗೆದ ಬೇರಿಂಗ್ ಇನ್ನೂ ಗುಜರಿಗೆ ಹೋಗಿರಲಿಲ್ಲ. ತೊಳೆದು ಭೂತಗನ್ನಡಿಯಲ್ಲಿ ನೋಡಿದೆವು. ಒಂದು ಕಡೆ ಪೂರ್ತಿ ಕಿತ್ತುಹೋಗಿತ್ತು, ಅಲ್ಲಿ ಓದಲು ಏನೂ ಉಳಿದಿರಲಿಲ್ಲ. ಆದರೆ ಮಿಕ್ಕ ಭಾಗದಲ್ಲಿ ಅದರೊಳಗಿನ ಉರುಳೆಗಳು, ಅಂದರೆ ರೋಲರ್‌ಗಳು, ಓಡುವ ದಾರಿಯ ಮೇಲೆ ಕಪ್ಪು ಕಲೆಗಳು ಸಮ ದೂರದಲ್ಲಿದ್ದವು. ಎರಡು ಕಲೆಗಳ ನಡುವಿನ ದೂರ ಅಳೆದೆವು. ಎರಡು ರೋಲರ್‌ಗಳ ನಡುವಿನ ದೂರದಷ್ಟೇ. ಮೆಷಿನ್ ನಿಂತಿದ್ದಾಗ ಪ್ರತಿ ರೋಲರ್‌ನ ಅಂಚಿನಲ್ಲಿ ನೀರು ನಿಂತು ಉಕ್ಕನ್ನು ತಿಂದ ಗುರುತು ಅದು. ಓಡಿ ಸವೆದ ಬೇರಿಂಗ್‌ನಲ್ಲಿ ಈ ಗುರುತು ಬರುವುದಿಲ್ಲ. ಆ ಗುಳಿಗಳ ಮೇಲೆ ರೋಲರ್ ಉರುಳಿ ಉರುಳಿ ಸಿಪ್ಪೆ ಏಳುತ್ತದೆ, ಅಲ್ಲಿಂದ ಮುಂದೆ ಎಲ್ಲ ಬೇಗ. ಆಗ ಹೊಸ ಏರ್‌ಎಂಡ್‌ನಲ್ಲಿದ್ದ ಎಣ್ಣೆಯನ್ನೂ ಲ್ಯಾಬಿಗೆ ಕಳಿಸಿದೆವು. ಕಾರ್ಲ್ ಫಿಶರ್ ಪರೀಕ್ಷೆ ಎಂದು ಕೇಳಬೇಕು, ಎಣ್ಣೆಯಲ್ಲಿನ ನೀರು ಅಳೆಯಲು ಅದು ನಂಬಿಗಸ್ತ. ಮೂರನೆಯದರಲ್ಲಿ ನೀರು ಮಿಕ್ಕವುಗಳ ಹತ್ತು ಪಟ್ಟಿಗಿಂತ ಜಾಸ್ತಿ ಇತ್ತು. ಅಂದರೆ ಆ ಮೆಷಿನ್‌ಗೆ ಹಾಕಿದ ಮೂರನೇ ಏರ್‌ಎಂಡ್ ಕೂಡ ಅದೇ ದಾರಿ ಹಿಡಿದಿತ್ತು.

"ವೈಬ್ರೇಶನ್ ಸೆನ್ಸರ್ ಹಾಕಿದ್ದರೆ ಮೊದಲೇ ಸಿಗುತ್ತಿತ್ತು" ಎಂದು ಆಮೇಲೆ ಹಲವರು ಹೇಳಿದರು. ಸಿಗುತ್ತಿತ್ತು, ಒಪ್ಪುತ್ತೇನೆ. ಬೇರಿಂಗ್‌ನ ಹೊರ ಬಳೆಯಲ್ಲಿ ಗುಳಿ ಬಿದ್ದರೆ ಅದರ ಬಡಿತಕ್ಕೆ ಒಂದು ಲೆಕ್ಕವಿದೆ. ರೋಲರ್‌ಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದ ಗುಣಿಸಿ, ಅದರ ಸುಮಾರು 0.4 ಪಟ್ಟು. ಒಳ ಬಳೆಗೆ ಸುಮಾರು 0.6. ಸೆಕೆಂಡಿಗೆ 50 ಸುತ್ತು, 12 ರೋಲರ್ ಇದ್ದರೆ 240 ಹರ್ಟ್ಸ್ ಮತ್ತು 360 ಹರ್ಟ್ಸ್ ಸುತ್ತಮುತ್ತ ಹುಡುಕಬೇಕು. ಈಗ ನಾವೂ ತಿಂಗಳಿಗೊಮ್ಮೆ ಅಳೆಯುತ್ತೇವೆ. ಆದರೆ ಬೇರಿಂಗ್ ಬಡಿದುಕೊಳ್ಳುತ್ತಿದೆ ಎಂದು ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಅದೊಂದನ್ನೇ ನೆಚ್ಚಿಕೊಂಡಿದ್ದರೆ ನಾಲ್ಕನೇ ಏರ್‌ಎಂಡನ್ನು ಇನ್ನಷ್ಟು ಸಮಯಕ್ಕೆ ಸರಿಯಾಗಿ ತರಿಸುತ್ತಿದ್ದೆವು.

ಮಾಡಿದ ರಿಪೇರಿ ಬೇಸರ ಬರುವಷ್ಟು ಸರಳ. ಎಲಿಮೆಂಟ್ ಹಳೆಯದಾಗಿತ್ತು, ಹೊಸದು ಹಾಕಿದೆವು. ಎಣ್ಣೆ, ಎಣ್ಣೆ ಫಿಲ್ಟರ್ ಬದಲಿಸಿದೆವು. ಸಾಕಷ್ಟು ಹೊತ್ತು ನಿಂತ ಮೆಷಿನ್ ಸ್ಟಾರ್ಟ್ ಮಾಡುವ ಮುಂಚೆ, ಒತ್ತಡ ಪೂರ್ತಿ ಇಳಿದಿದೆ ಎಂದು ನೋಡಿಕೊಂಡು, ಟ್ಯಾಂಕಿನ ತಳದಿಂದ ನೀರು ಬಿಡುವುದನ್ನು ಕಡ್ಡಾಯ ಮಾಡಿದೆವು. ಕಷ್ಟವಾದದ್ದು ಸರದಿ ಬದಲಿಸುವುದು. ಗಾಳಿಯ ಬೇಡಿಕೆಯ ಏರಿಳಿತ ತುಂಬುವ ಕೆಲಸ ಯಾವಾಗಲೂ ಒಂದೇ ಮೆಷಿನ್‌ಗೆ ಬೀಳದ ಹಾಗೆ ನಾಲ್ಕಕ್ಕೂ ಹಂಚಿದೆವು. ಒಮ್ಮೆ ಎದ್ದ ಮೆಷಿನ್ ಬೆಚ್ಚಗಾಗುವ ತನಕ ಮಲಗಬಾರದು ಎಂಬ ನಿಯಮ ಹಾಕಿದೆವು. ಕರೆಂಟ್ ಉಳಿಸುವವರು ಗೊಣಗಿದರು. ಅವರ ಗೊಣಗಾಟದಲ್ಲೂ ಅರ್ಥವಿದೆ. ಸ್ಕ್ರೂ ಕಂಪ್ರೆಸರ್ ಗಾಳಿ ಕೊಡದೆ ಸುಮ್ಮನೆ ತಿರುಗುತ್ತಿದ್ದರೂ ಪೂರ್ತಿ ಲೋಡಿನ ಕಾಲು ಭಾಗಕ್ಕಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ. ಎರಡು ಸಭೆ ನಡೆದು ಒಂದು ರಾಜಿಯಾಯಿತು.

ಎಚ್ಚರಿಕೆ ಗಂಟೆಯೂ ಇಟ್ಟೆವು. ಅದರಲ್ಲಿ ಮಷೀನ್ ಲರ್ನಿಂಗ್ ಒಂದು ಚೂರೂ ಇಲ್ಲ. ಡ್ಯೂ ಪಾಯಿಂಟ್‌ಗಿಂತ ಮೆಷಿನ್ನಿನ ಉಷ್ಣತೆ 8 ಡಿಗ್ರಿ ಮೇಲಿಲ್ಲದಿದ್ದರೆ ಸದ್ದು ಮಾಡು, ಅಷ್ಟೇ. ಮೊದಲ ವಾರ ಅದು ಪ್ರತಿ ಸ್ಟಾರ್ಟ್‌ಗೂ ಕೂಗಿತು. ಸ್ಟಾರ್ಟ್ ಆಗುವಾಗ ಯಾವ ಮೆಷಿನ್ ತಾನೇ ಬಿಸಿಯಾಗಿರುತ್ತದೆ? ಐದನೇ ದಿನ ಹೋಗಿ ನೋಡಿದರೆ ಸ್ಪೀಕರ್ ಮೇಲೆ ಹತ್ತಿ ಬಟ್ಟೆ ತುರುಕಿದ್ದರು. ತಪ್ಪು ನನ್ನದೇ. ಸತತ 20 ನಿಮಿಷ ಓಡಿದ ಮೇಲೂ ತಣ್ಣಗಿದ್ದರೆ ಮಾತ್ರ ಎಂದು ತಿದ್ದಿದೆ. ಬಟ್ಟೆ ಹೊರಬಂತು. ತೇವದ ತಿಂಗಳುಗಳು ಒಂದು ಸುತ್ತು ಮುಗಿದಿವೆ, ನಿಜಕ್ಕೂ ಕೂಗಿದ್ದು ಎರಡು ಸಲ.

ಇದೇ ಲೆಕ್ಕವನ್ನು ತಿರುಗಿಸಿ ಬಿಸಿಯ ಕಡೆಗೂ ಬಳಸಿದೆವು. ಹೊರಗಿನ ಬಿಸಿ, ಲೋಡ್, ಒತ್ತಡ ಕೊಟ್ಟರೆ ಮೆಷಿನ್ ಎಷ್ಟು ಬಿಸಿ ಇರಬೇಕು ಎಂದು ಒಂದು ಸಾದಾ ಸಮೀಕರಣ. ನಿಜವಾಗಿ ಇರುವುದು ಅದಕ್ಕಿಂತ ಎಷ್ಟು ಜಾಸ್ತಿ ಎಂಬುದೊಂದನ್ನೇ ನೋಡುತ್ತೇವೆ. ಒಂದನೇ ಮೆಷಿನ್‌ನಲ್ಲಿ ಆ ವ್ಯತ್ಯಾಸ ವಾರಕ್ಕೆ ಅರ್ಧ ಡಿಗ್ರಿಯಂತೆ ಏರುತ್ತಿತ್ತು. ಮೀಟರ್ ನೋಡಿದವರಿಗೆ 88 ಡಿಗ್ರಿ, ಏನೂ ತೊಂದರೆ ಕಾಣದು. ಹೊರಗೆ ಚಳಿಯಿದ್ದದ್ದರಿಂದ ಮುಚ್ಚಿಹೋಗಿತ್ತು ಅಷ್ಟೇ. ಕೂಲರ್ ಬಿಚ್ಚಿದೆವು, ಅದೇ ಧೂಳು. ಈ ಸಲ ಬೇಸಿಗೆಗೆ ಮೊದಲೇ ತೊಳೆದೆವು, ಥರ್ಮೋಸ್ಟ್ಯಾಟ್ ಮುಟ್ಟಲಿಲ್ಲ.

ಹಿಂದಿನ ಶೆಡ್ಡಿನಲ್ಲಿ ಒಂದು ಎರಡು ಹಂತದ ಪಿಸ್ಟನ್ ಕಂಪ್ರೆಸರ್ ಇದೆ. ಅದಕ್ಕೆ ಇಷ್ಟೂ ಬೇಕಾಗಲಿಲ್ಲ. ಎರಡು ಹಂತದ ನಡುವಿನ ಒತ್ತಡ ಒಂದನ್ನು ಗುರುತು ಹಾಕಿಕೊಂಡರೆ ಸಾಕು. ಅದು ಏರಿದರೆ ಎರಡನೇ ಹಂತದ ವಾಲ್ವ್ ಸೋರುತ್ತಿದೆ, ಇಳಿದರೆ ಮೊದಲನೇ ಹಂತದ್ದು. ಪಿಸ್ಟನ್ ಮೆಷಿನ್‌ನಲ್ಲಿ ಹೆಚ್ಚು ಕೆಡುವುದು ವಾಲ್ವೇ ಆದ್ದರಿಂದ ಈ ಒಂದು ಗೆರೆ ಬಹಳ ಕೆಲಸ ಮಾಡುತ್ತದೆ.

ಮೂರನೇ ನಂಬರಿನ ಎಣ್ಣೆಯಲ್ಲಿ ನೀರು ಈಗ ಮಿಕ್ಕವುಗಳಷ್ಟೇ ಇದೆ. ಏರ್‌ಎಂಡ್ ಎಷ್ಟು ದಿನ ಬರುತ್ತದೆ ನೋಡಬೇಕು. ಮೊದಲ ಮಳೆಯಲ್ಲಿ ಅದು ಸ್ವಲ್ಪ ನೀರು ಕುಡಿದಿದೆ, ಗುಳಿ ಬಿದ್ದಿದ್ದರೆ ಅದು ತಾನಾಗಿ ಮಾಯುವುದಿಲ್ಲ. ವೈಬ್ರೇಶನ್ ಗೆರೆಯಲ್ಲಿ ಇನ್ನೂ ಏನೂ ಕಂಡಿಲ್ಲ.

ಈ ನಡುವೆ ಹೊಸದೊಂದು ಶುರುವಾಗಿದೆ. ಹೋದ ತಿಂಗಳು ಪೈಪ್‌ಲೈನ್‌ನ ಸೋರಿಕೆಗಳನ್ನೆಲ್ಲ ಹುಡುಕಿ ಮುಚ್ಚಿದೆವು. ಗಾಳಿಯ ಖರ್ಚು ಇಳಿಯಿತು, ಎಲ್ಲರಿಗೂ ಖುಷಿ. ಖರ್ಚು ಇಳಿದ ಮೇಲೆ ನಾಲ್ಕು ಮೆಷಿನ್‌ಗೂ ಹಂಚಲು ಸಾಕಷ್ಟು ಕೆಲಸವಿಲ್ಲ. ಎರಡನೇ ನಂಬರಿನ ತಣ್ಣನೆಯ ಗಂಟೆಗಳು ನಿಧಾನಕ್ಕೆ ಏರುತ್ತಿವೆ. ಒಂದು ಮೆಷಿನ್ ಪೂರ್ತಿ ನಿಲ್ಲಿಸಿ ಮೂರರಲ್ಲೇ ನಡೆಸೋಣ ಎಂದು ನಾನು ಹೇಳುತ್ತಿದ್ದೇನೆ. ನಿಲ್ಲಿಸಿಟ್ಟ ಮೆಷಿನ್‌ನ ಬೇರಿಂಗ್ ಏನಾಗುತ್ತೆ ಎಂದು ಹಿರಿಯ ಫಿಟ್ಟರ್ ಕೇಳುತ್ತಿದ್ದಾರೆ. ಸೋಮವಾರ ಇಬ್ಬರೂ ಕೂತು ಲೆಕ್ಕ ಹಾಕಬೇಕು.